ನಮ್ಮಣ್ಣಯ್ಯನ ಹನ್ನೊಂದು ಶಿಫಾರಸು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಸು ಕರೆದೆ. ಯಜಮಾನರ ಪೂಜೆಗೆ ಪತ್ರೆ ಬಿಡಿಸಿ ಕೊಟ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಹಿತ್ತಲಲ್ಲಿ ಕುಂಬಳದ ಬಳ್ಳಿಗೆ ಕೋಲು ಕೊಟ್ಟೆ. ಎರಡು ಕೊಡ ನೀರು ಸೇದಿದೆ, ಮೂರನೆಯದಕ್ಕೆ ಹಗ್ಗ ಹರಿಯಿತು, ಗಂಟು ಹಾಕಿ ಮತ್ತೆ ಸೇದಿದೆ. ಆಮೇಲೆ ನಲವತ್ತು ನಿಂಬೆಹಣ್ಣು ಹೆಚ್ಚಿ ಉಪ್ಪಿಗೆ ಹಾಕಿದೆ.

ಈ ನಲವತ್ತರಲ್ಲಿ ಒಂದೂ ಉಪ್ಪಿನಕಾಯಿಗೆಂದು ತಂದದ್ದಲ್ಲ! ಎಲ್ಲವೂ ದೊಡ್ಡ ದೊಡ್ಡ ಮನುಷ್ಯರ ಮನೆಬಾಗಿಲಿಗೆ ಹೋಗಿ, ‘ಸಾಹೇಬರು ಸವಾರಿ ಹೋಗಿದ್ದಾರೆ’ ಎಂಬ ಮಾತು ಕೇಳಿಸಿಕೊಂಡು, ಹಾಗೆಯೇ ಹಿಂದಿರುಗಿದ ಹಣ್ಣುಗಳು. ಕೆಲವು ಹಣ್ಣುಗಳು ಮಾಗಡಿಯನ್ನೂ ಕಾನಕಾನಹಳ್ಳಿಯನ್ನೂ ಮೂರು ಮೂರು ಸಲ ನೋಡಿವೆ. ನಾನು ನನ್ನ ಈ ವಯಸ್ಸಿಗೆ ಒಂದೊಂದು ಸಲ ನೋಡಿದ್ದೇನೆ. ಹಣ್ಣುಗಳ ಪುಣ್ಯ! ಅವುಗಳಿಗೆ ಈ ದೇಶಸಂಚಾರ ಮಾಡಿಸಿದ ಮಹಾನುಭಾವ ನನ್ನ ಒಡಹುಟ್ಟಿದ ಅಣ್ಣ.

ನಮ್ಮಣ್ಣಯ್ಯ ತಾಯಿಯ ಹೊಟ್ಟೆಯಿಂದ ಬರುವಾಗಲೇ ಸೂಲಗಿತ್ತಿಗೆ ತೋರಿಸಲು ಯಾರಿಂದಲೋ ಒಂದು ಶಿಫಾರಸು ಪತ್ರ ಬರೆಸಿಕೊಂಡು ಬಂದಿರಬೇಕೆಂದು ನನ್ನ ಗುಮಾನಿ. ಈ ಪ್ರಪಂಚದಲ್ಲಿ ಯಾವ ಬಾಗಿಲೂ ತಾನಾಗಿ ತೆರೆಯುವುದಿಲ್ಲ, ಒಳಗಿರುವವರಿಗೆ ಬೇಕಾದವರೊಬ್ಬರು ಹೊರಗಿರುವವನ ಪರವಾಗಿ ಕೆಮ್ಮಬೇಕು ಎಂಬುದು ಅವನ ಸಿದ್ಧಾಂತ.

ನಾನು ಈ ಚನ್ನಪಟ್ಟಣದ ಮನೆಗೆ ಸೊಸೆಯಾಗಿ ಬಂದು ತಿಂಗಳೂ ತುಂಬಿರಲಿಲ್ಲ. ಗೌರಿಹಬ್ಬಕ್ಕೆ ಕರೆದೊಯ್ಯಲು ಅಣ್ಣಯ್ಯ ಬಂದ. ಬಂದವನು ಒಳಗೆ ಬಂದನೇ? ಇಲ್ಲ! ಹೊಸ್ತಿಲ ಆಚೆ ನಿಂತು ನಮ್ಮತ್ತೆಯ ಕೈಗೆ ಒಂದು ಕಾಗದ ಕೊಟ್ಟ. ನಮ್ಮೂರ ಶಾನುಭೋಗರು ಬರೆದದ್ದು. ನಮ್ಮ ಯಜಮಾನರು ಓದಿದರು: ‘ಈ ಪತ್ರ ತರುವವರು ತಮ್ಮ ಸೊಸೆಯ ಅಣ್ಣನೇ ಹೌದು. ನಿಸ್ಸಂಶಯವಾಗಿ ನಂಬಬಹುದು.’ ಅಪ್ಪನಿಲ್ಲದ ನನ್ನನ್ನು ಧಾರೆ ಎರೆದು ಕೊಟ್ಟವನೇ ಅವನು! ಇದೇ ಅತ್ತೆಯ ಎದುರಿಗೆ! ನಮ್ಮತ್ತೆ ಕಾಗದವನ್ನು ಒಮ್ಮೆ ನೋಡಿದರು, ಅವನನ್ನು ಒಮ್ಮೆ ನೋಡಿದರು.

“ಆ ಮೂಗು ನೋಡುದ್ರೆ ಸಾಲ್ದೇನಪ್ಪ? ಕಾಗ್ದ ಯಾಕೆ? ಒಳೀಕೆ ಬಾ, ಕಾಲು ತೊಳ್ಕೊ.”

ದೇವಸ್ಥಾನಕ್ಕೆ ಹೋದರೂ ಇದೇ ಕಥೆ. ನಾವೆಲ್ಲ ಶಿವನಿಗೆ ಕೈಮುಗಿದು ಬಂದರೆ ಅವನು ಹೊರಗೆ ಬಸವಣ್ಣನ ಕಿವಿಗೆ ಬಾಯಿಟ್ಟು ಅರ್ಧ ಗಳಿಗೆ ನಿಲ್ಲುತ್ತಾನೆ. ಎಲ್ಲರೂ ಬಸವಣ್ಣನ ಕಿವಿಯಲ್ಲಿ ಒಂದು ಮಾತು ಹೇಳುವುದುಂಟು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮಣ್ಣಯ್ಯ ಅಷ್ಟಕ್ಕೇ ಬಿಡುವುದಿಲ್ಲ. ಬಸವಣ್ಣನ ಹತ್ತಿರ ಹೋಗುವ ಮುಂಚೆ ಪೂಜಾರಿಯ ಹತ್ತಿರ, “ನಮ್ಮ ಹೆಸರ್ನ ಒಸಿ ಬಸವಣ್ಣನ ಕಿವಿಗೆ ಹಾಕಿ ಇಟ್ಟಿರಿ, ನಾನು ಆಮೇಲೆ ಬತ್ತೀನಿ” ಎಂದು ಹೇಳಿರುತ್ತಾನೆ!

ಒಮ್ಮೆ ಹಸು ಕೊಳ್ಳಲು ಹೋಗಿದ್ದ. ಮಾರುವವನು ಪಾಪ, “ಕೆಚ್ಚಲು ಮುಟ್ಟಿ ನೋಡಿ ಸ್ವಾಮಿ, ಹಾಲು ಕರೆದು ನೋಡಿ” ಎನ್ನುತ್ತಿದ್ದಾನೆ. ಇವನು, “ಕೆಚ್ಚಲು ಎಲ್ಲಿಗೂ ಓಡೋಗಲ್ಲ ಕಣಯ್ಯ. ಮೊದ್ಲು ಈ ಹಸಾನ ಬಲ್ಲೋರು ನಾಲ್ಕು ಜನ ದೊಡ್ಡೋರ ಹೆಸ್ರು ಯೋಳು” ಎಂದನಂತೆ. ಯಾವುದೋ ಊರಿನ ಪಟೇಲರ ಮಾತಿನ ಮೇಲೆ ಆ ಹಸುವನ್ನು ಹೊಡೆದುಕೊಂಡು ಬಂದ. ಅದು ಹಾಲು ಕೊಡಲಿಲ್ಲ. ಒದೆ ಕೊಟ್ಟಿತು. “ಪಟೇಲ್ರು ಯೋಳಿದ್ಮೇಲೆ ಒಳ್ಳೇ ಹಸಾನೇ ಇರ್ಬೇಕು, ನನ್ನ ಕೈಗುಣ ಸರಿ ಇಲ್ಲ” ಎಂದು ಮೊಣಕಾಲಿಗೆ ಹರಳೆಣ್ಣೆ ಹಚ್ಚಿಕೊಂಡ.

ಅವನು ಈಗ ಇರುವುದು ನಮ್ಮ ಬೀದಿಯ ಕೊನೆಯಲ್ಲೇ. ಹೆಂಡತಿಯ ಕಡೆಯಿಂದ ಬಂದ ಒಂದಿಷ್ಟು ಹಿಪ್ಪುನೇರಳೆ ತೋಟವಿದೆ. ಅತ್ತಿಗೆ ತೀರಿಕೊಂಡು ಹತ್ತು ವರ್ಷವಾಯಿತು. ಮಕ್ಕಳಿಲ್ಲ. ತಾನೇ ಬೇಯಿಸಿಕೊಂಡು ತಿನ್ನುತ್ತಾನೆ. ಹಬ್ಬಕ್ಕೆ ಹೊರತು ನಮ್ಮ ಮನೆಯಲ್ಲಿ ಎಲೆಯ ಮುಂದೆ ಕೂರುವುದಿಲ್ಲ, ‘ತಂಗಿ ಮನೆ ಅನ್ನ’ ಎಂಬ ಬಿಂಕ. ಹೀಗೆ ಅವನಿಗೆ ಪುರುಸೊತ್ತು ಬಹಳ. ಪುರುಸೊತ್ತಿರುವ ಮನುಷ್ಯನ ಕೈಗೆ ಒಂದು ಸಿದ್ಧಾಂತ ಸಿಕ್ಕಿದರೆ ನೆಂಟರ ಗತಿ ಏನು?

ನಮ್ಮ ಗತಿ ಆದದ್ದು ಹೀಗೆ. ಬೆಂಗಳೂರಿನಲ್ಲಿ ಹೊಸದಾಗಿ ಒಂದು ಬ್ಯಾಂಕು ತೆರೆದರು. ಅದಕ್ಕೆ ಗುಮಾಸ್ತೆ ಬೇಕೆಂದು ಪತ್ರಿಕೆಯಲ್ಲಿ ಬಂತು. ಒಂದೇ ಒಂದು ಹುದ್ದೆ. ನನ್ನ ಮಗ ಲೋವರ್ ಸೆಕೆಂಡರಿ ಪಾಸು ಮಾಡಿ ಎರಡು ವರ್ಷದಿಂದ ಜಗಲಿಯ ಮೇಲೆ ಕೂತಿದ್ದ. ನಮ್ಮ ಯಜಮಾನರು ಇಲ್ಲಿಯ ಶಾಲೆಯ ಮೇಷ್ಟ್ರು. ಈ ವರ್ಷದ ಕೊನೆಗೆ ಅವರ ಕೆಲಸ ಮುಗಿಯುತ್ತದೆ. ಹೊಲವೆಂದು ಹೇಳಿಕೊಳ್ಳಲು ಗೇಣು ನೆಲವಿಲ್ಲ. ಅಷ್ಟರೊಳಗೆ ಮಗನಿಗೊಂದು ದಾರಿಯಾಗಬೇಕು, ಇಲ್ಲದಿದ್ದರೆ ನಮ್ಮ ಒಲೆಯ ಮೇಲೆ ಪಾತ್ರೆ ಏರುವುದು ಹೇಗೆ? ಆದ್ದರಿಂದ ಆ ಪತ್ರಿಕೆಯನ್ನು ನಾವು ಮೂವರೂ ಮೂರು ಸಲ ಓದಿ ಮಡಿಸಿ ಇಟ್ಟೆವು. ನಾಲ್ಕನೆಯ ಸಲ ಓದಿದವನು ಅಣ್ಣಯ್ಯ.

“ಭಾವ, ಹುಡುಗ ಲೆಕ್ಕದಲ್ಲಿ ಗಟ್ಟಿ. ಅಕ್ಷರ ಮುತ್ತಿನ ಹಾಗಿದೆ. ಪರೀಕ್ಷೆ ಬರೆದು ಬರುತ್ತಾನೆ” ಎಂದರು ಯಜಮಾನರು.

“ಲೆಕ್ಕ ಯಾರಿಗೆ ಬರಾಕಿಲ್ಲ ಭಾವ? ನಮ್ಮ ಎಣ್ಣೆ ಅಂಗಡಿಯೋನ್ಗೂ ಬತ್ತದೆ. ಅಲ್ಲಿ ಕೇಳೋದು ಒಂದೇ ಪ್ರಶ್ನೆ. ನೀನು ಯಾರ ಕಡೆಯೋನು? ಅದಕ್ಕೇನ್ ಉತ್ತರ ಬರೀತಾನೆ?”

“ಅಪ್ಪನ ಕಡೆಯವನು ಎಂದು ಬರೆಯಲಿ.”

“ಮೇಷ್ಟ್ರ ಕಡೆಯೋನು ಅಂದ್ರೆ ಬ್ಯಾಂಕಿನೋರು ಬೆತ್ತ ಕೊಡ್ತಾರೆ, ಕೆಲ್ಸ ಕೊಡಲ್ಲ. ನೀವು ಸುಮ್ಕಿರಿ. ನಾನಿಲ್ವಾ?”

ಅವನು ಇದ್ದ. ಅದೇ ತೊಂದರೆ.

ಮರುದಿನವೇ ಜರಿ ರುಮಾಲು ಸುತ್ತಿ, ಮದುವೆಯ ಕೋಟು ತೊಟ್ಟು, ನಿಂಬೆಹಣ್ಣಿನ ಚೀಲ ಹಿಡಿದು ಹೊರಟ. ದೊಡ್ಡವರನ್ನು ಕಾಣಲು ಬರಿಗೈಯಲ್ಲಿ ಹೋಗುವುದುಂಟೇ? ಜಟಕಾ ಹೊಡೆಯಲು ಕೈಲಾಂಚ ಹಳ್ಳಿಯ ಮಾದಣ್ಣನನ್ನು ಗೊತ್ತು ಮಾಡಿಕೊಂಡ. ಒಂದೂವರೆ ತಿಂಗಳು ಆ ಕುದುರೆ ನಾಲ್ಕು ತಾಲ್ಲೂಕಿನ ಧೂಳು ಕುಡಿಯಿತು. ಮಹಾರಾಜರ ಪರಿಚಯ ಒಂದು ಅವನಿಗಿರಲಿಲ್ಲ, ಇದ್ದಿದ್ದರೆ ಕುದುರೆಗೆ ಮೈಸೂರಿನವರೆಗೂ ಓಟವಾಗುತ್ತಿತ್ತು.

ಕಾಗದಗಳು ಬಂದವು. ಒಟ್ಟು ಹನ್ನೊಂದು. ಒಂದೊಂದು ಬಂದಾಗಲೂ ಅಣ್ಣಯ್ಯ ಅದನ್ನು ಜಗಲಿಯ ಮೇಲೆ ನಿಂತು ನಮಗೆ ಓದಿ ಹೇಳುತ್ತಿದ್ದ, ದಾರಿಹೋಕರಿಗೂ ಕೇಳಿಸುವಂತೆ.

ಮಾಗಡಿಯ ನಿವೃತ್ತ ಅಮಲ್ದಾರರು ಮೂರು ಪುಟ ಬರೆದಿದ್ದರು. ಅದರಲ್ಲಿ ಎರಡೂ ಮುಕ್ಕಾಲು ಪುಟ ಅವರು ಯಾವ ಯಾವ ತಾಲ್ಲೂಕಿನಲ್ಲಿ ಎಷ್ಟು ಕೆರೆ ಕಟ್ಟೆ ರಿಪೇರಿ ಮಾಡಿಸಿದರು ಎಂಬ ವೃತ್ತಾಂತ. ಕೊನೆಯ ಕಾಲು ಪುಟದಲ್ಲಿ, ‘ಈ ಹುಡುಗ ಒಳ್ಳೆಯ ವಂಶದವನೆಂದು ಕೇಳಿದ್ದೇನೆ.’ ಯಾರಿಂದ ಕೇಳಿದರು? ಅಲ್ಲೇ ಎದುರಿಗೆ ಕೂತಿದ್ದ ನಮ್ಮಣ್ಣಯ್ಯನಿಂದ!

ಮರಳವಾಡಿಯ ಪಟೇಲರು ಬಹಳ ಹಿಂದೆ ನಮ್ಮ ತವರಿನಿಂದ ಒಂದು ಜೊತೆ ಎತ್ತು ಕೊಂಡಿದ್ದರು. ಅವರು ಬರೆದರು: ‘ಇವರ ಮನೆಯ ಎತ್ತುಗಳು ಹಾಯುವುದಿಲ್ಲ, ಒದೆಯುವುದಿಲ್ಲ, ನೊಗ ಕಂಡರೆ ತಾವೇ ಕತ್ತು ಕೊಡುತ್ತವೆ. ಹುಡುಗನೂ ಹಾಗೆಯೇ ಇರುವನೆಂದು ನಂಬಿಕೆ.’ ಬ್ಯಾಂಕಿನವರಿಗೆ ಬೇಕಾದದ್ದು ಬಹುಶಃ ಇದೇ ಎಂದು ಯಜಮಾನರು ಹೇಳಿದರು. ಅಣ್ಣಯ್ಯನಿಗೆ ಅದು ಹಾಸ್ಯವೆಂದು ತಿಳಿಯಲಿಲ್ಲ.

ಕಾನಕಾನಹಳ್ಳಿಯ ವಕೀಲರದು ಇಂಗ್ಲಿಷಿನಲ್ಲಿತ್ತು. ಅದನ್ನು ಅಣ್ಣಯ್ಯ ಕಣ್ಣಿಗೆ ಒತ್ತಿಕೊಂಡೇ ತಂದ. ಯಜಮಾನರು ನಿಘಂಟು ತೆಗೆದು ಮಧ್ಯಾಹ್ನವೆಲ್ಲ ಕೂತು ಬಿಡಿಸಿದರು. ‘ಈ ತರುಣನಿಗೆ ನಮಗೆ ತಿಳಿದಮಟ್ಟಿಗೆ ಇದುವರೆಗೂ ಯಾವ ಅಪರಾಧಕ್ಕೂ ಶಿಕ್ಷೆಯಾಗಿರುವುದಿಲ್ಲ’ ಎಂಬುದು ಅದರ ತಾತ್ಪರ್ಯ.

“ಏನಣ್ಣಯ್ಯ ಇದು! ಇದುವರೆಗೂ ಅಂದ್ರೇನರ್ಥ? ಮುಂದೆ ಆಯ್ತದೆ ಅಂತಲಾ?” ಎಂದು ನಾನು ಕೂಗಾಡಿದೆ.

“ಇಂಗ್ಲಿಷ್‌ನಾಗೆ ಹಂಗೇ ಬರೀಬೇಕು ಕಣವ್ವ. ನಿಂಗೆ ತಿಳಿಯಾಕಿಲ್ಲ. ದೊಡ್ಡೋರ ಕಾಗ್ದದಾಗೆ ಏನೈತೆ ಅಂತ ಯಾರೂ ಓದಲ್ಲ, ಕೆಳಗಡೆ ರುಜು ನೋಡ್ತಾರೆ.”

ಇದಾದರೂ ಸಹಿಸಬಹುದಿತ್ತು. ಇನ್ನೊಂದು ಅನಾಹುತವನ್ನು ನಾವು ಆಗ ಊಹಿಸಲೇ ಇಲ್ಲ. ಯಾವ ದೊಡ್ಡ ಮನುಷ್ಯನೂ ಕಾಗದ ಬರೆಯುವ ಮುಂಚೆ ಕೇಳುವುದೇನು? ಯಾವ ಕೆಲಸ, ಯಾವ ಊರು, ಯಾವ ತಾರೀಕಿನೊಳಗೆ ಅರ್ಜಿ ಎಂದು. ಅಣ್ಣಯ್ಯ ಪತ್ರಿಕೆಯನ್ನು ಬಿಚ್ಚಿ ಒಂದಕ್ಷರ ಬಿಡದೆ ಓದಿ ಹೇಳುತ್ತಿದ್ದ. ಯಾವ ದೊಡ್ಡ ಮನುಷ್ಯನ ಮನೆಯಲ್ಲಿ ತಂಗಿಯ ಮಗನೋ, ಷಡ್ಡಕನ ತಮ್ಮನೋ, ಕೆಲಸವಿಲ್ಲದ ಅಳಿಯನೋ ಇರುವುದಿಲ್ಲ ಹೇಳಿ? ಪರೀಕ್ಷೆಯ ದಿನ ಬೆಳಿಗ್ಗೆ ಮಗನನ್ನು ರೈಲಿಗೆ ಹತ್ತಿಸಲು ಹೋದೆವು. ನಿಲ್ದಾಣದಲ್ಲಿ ಕಾಲಿಡಲು ಜಾಗವಿಲ್ಲ! ಹೊಸ ಕೋಟು, ಹೊಸ ರುಮಾಲು, ಕಂಕುಳಲ್ಲಿ ಕಾಗದದ ಕಟ್ಟು. ಅಮಲ್ದಾರರ ಅಣ್ಣನ ಮಗ, ಪಟೇಲರ ಮೈದುನ, ವಕೀಲರ ಎರಡು ಜನ ಅಳಿಯಂದಿರು. ಮುಂದಿನ ಕ್ಲೋಸುಪೇಟೆ ನಿಲ್ದಾಣದಲ್ಲಿ ಇನ್ನೂ ಒಂದು ಡಬ್ಬಿ ತುಂಬುವಷ್ಟು ಜನ ಕಾಯುತ್ತಿದ್ದರೆಂದು ಮಗ ಆಮೇಲೆ ಹೇಳಿದ. ಪತ್ರಿಕೆ ತರಿಸುವ ಮನೆ ನಮ್ಮ ಸೀಮೆಯಲ್ಲಿ ಎಷ್ಟಿವೆ? ಬೆರಳೆಣಿಕೆ. ಸುದ್ದಿಯನ್ನು ಮನೆಮನೆಗೆ ಹಂಚಿದವನು ನಮ್ಮಣ್ಣಯ್ಯ, ಅದೂ ನಿಂಬೆಹಣ್ಣಿನ ಸಮೇತ!

“ನೋಡ್ದೇನವ್ವ, ಎಷ್ಟು ಜನ ನಮಗೆ ಬೇಕಾದೋರು!” ಎಂದು ಅವನು ಎಲ್ಲರಿಗೂ ಕೈಮುಗಿಯುತ್ತ ತಿರುಗಾಡಿದ. ನನಗೆ ಅಲ್ಲೇ ಅವನ ರುಮಾಲು ಎಳೆದುಬಿಡೋಣವೆನಿಸಿತು.

ಆ ಗುಂಪಿನಲ್ಲಿ ಒಬ್ಬ ಹಳೆಯ ಕೋಟಿನವನಿದ್ದ. ಜಟಕಾ ಮಾದಣ್ಣನ ಮಗ. ಅವನನ್ನು ನಾನು ಬಲ್ಲೆ. ನಮ್ಮ ಯಜಮಾನರ ಹತ್ತಿರವೇ ಓದಿದವನು, ನನ್ನ ಮಗನ ವಾರಿಗೆಯವನು. ಪರೀಕ್ಷೆಗೆ ಎಂಟು ದಿನ ಮುಂಚೆ ಅಣ್ಣಯ್ಯ ತನ್ನ ತಿರುಗಾಟವನ್ನೆಲ್ಲ ಮುಗಿಸಿ, ಹನ್ನೊಂದು ಕಾಗದವಿದ್ದ ಚೀಲವನ್ನು ಜಟಕಾದಲ್ಲೇ ಮರೆತು ಇಳಿದುಬಿಟ್ಟಿದ್ದ. ಅಂಥವನನ್ನು ನಂಬಿ ನಾವಿದ್ದೆವು! ಅಣ್ಣಯ್ಯ ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹೊರಳಾಡಿ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ತಲೆ ಹಿಡಿದು ಕೂತಿದ್ದಾಗ, ಆ ಹುಡುಗ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕೈಲಾಂಚದಿಂದ ನಡೆದು ಬಂದ. ಕುದುರೆಗೆ ಲಾಳ ಕಟ್ಟಿಸಬೇಕಿತ್ತಂತೆ. ಚೀಲದ ಬಾಯಿಗೆ ಕಟ್ಟಿದ ದಾರ ಕಟ್ಟಿದ ಹಾಗೇ ಇತ್ತು. ಮಜ್ಜಿಗೆ ಕುಡಿದು, ನಮಸ್ಕಾರ ಹೇಳಿ ಹೊರಟುಹೋದ.

ಎರಡು ದಿನ ಬಿಟ್ಟು ಮಾದಣ್ಣ ಬಂದ. ಜಗಲಿಯ ಕೆಳಗೇ ನಿಂತು ತಲೆ ಕೆರೆದುಕೊಂಡ.

“ಸ್ವಾಮೀ, ನಮ್ಮ ಹೈದ್ನೂ ಅದೇ ಕೆಲ್ಸಕ್ಕೆ ಅರ್ಜಿ ಹಾಕವ್ನೆ. ಎಲ್ರೂ ಕಾಗ್ದ ತತ್ತಾರಂತೆ. ನಮ್ಗೆ ಯಾರವ್ರೆ? ನೀವೇ ಒಂದ್ನಾಲ್ಕು ಅಕ್ಷರ ಗೀಚ್ಕೊಟ್ರೆ...”

ಅಣ್ಣಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ನನ್ನ ಕಾಗ್ದಾನ? ಲೋ ಮಾದಣ್ಣ, ನನ್ನ ಕಾಗ್ದದಲ್ಲಿ ಕಳ್ಳೇಪುರಿ ಕಟ್ಟಿದ್ರೂ ತೂತು ಬೀಳ್ತದೆ ಕಣ್ಲಾ!” ನಾನೂ ನಕ್ಕೆ. ಆದರೂ ಒಂದೂವರೆ ತಿಂಗಳು ಜೊತೆಗೆ ತಿರುಗಿದವನು, ಇಲ್ಲವೆನ್ನುವುದು ಹೇಗೆ? ನಮ್ಮದೇ ಮಸಿ, ನಮ್ಮದೇ ಲೇಖನಿ, ನಮ್ಮ ಯಜಮಾನರದೇ ಕಾಗದ ತರಿಸಿಕೊಂಡು ಐದು ಸಾಲು ಬರೆದು ಕೈಯಲ್ಲಿಟ್ಟ. ನಾನು ಓದಲೂ ಇಲ್ಲ. ಓದುವಂಥದ್ದು ಅದರಲ್ಲಿ ಏನಿದ್ದೀತು!

ಈಗ ಈ ದಿನಕ್ಕೆ ಬರುತ್ತೇನೆ. ನಿಂಬೆಹಣ್ಣಿಗೆ ಉಪ್ಪು ಬೆರೆಸಿ ಕೈ ತೊಳೆಯುತ್ತಿದ್ದೆ. ಅಂಚೆಯವನು ಬಂದು ಮಗನ ಹೆಸರಿಗೆ ಒಂದು ಕಾರ್ಡು ಕೊಟ್ಟು ಹೋದ. ಯಜಮಾನರು ಓದಿದರು. ಕೆಲಸ ಬೇರೆಯವರಿಗಾಗಿದೆ, ವಿಷಾದಿಸುತ್ತೇವೆ. ಮಗ ಕಾರ್ಡನ್ನು ತಿರುಗಿಸಿ ನೋಡಿದ, ಹಿಂದುಗಡೆ ಏನಾದರೂ ಇದೆಯೇನೋ ಎಂಬಂತೆ. ಅಷ್ಟರಲ್ಲಿ ಅಣ್ಣಯ್ಯನೂ ಬಂದ. “ಅಮಲ್ದಾರ್ರ ಅಣ್ಣನ ಮಗನಿಗೇ ಆಗಿರ್ಬೇಕು. ನಾವು ದಿವಾನ್ರ ಕಡೆಯಿಂದ ಒಂದು ತರ್ಬೇಕಿತ್ತು” ಎನ್ನುತ್ತಿದ್ದಾನೆ, ಬಾಗಿಲಲ್ಲಿ ಜಟಕಾ ನಿಂತ ಸದ್ದಾಯಿತು.

ಮಾದಣ್ಣ ಒಂದು ಬಾಳೆಗೊನೆ ಹೊತ್ತು ತಂದು ಜಗಲಿಯ ಮೇಲಿಟ್ಟು ನಮ್ಮಣ್ಣಯ್ಯನ ಕಾಲಿಗೆ ಬಿದ್ದ. ಅಣ್ಣಯ್ಯ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದ.

“ನಮ್ಮ ಹೈದ್ನಿಗೆ ಆಗೋಯ್ತು ಸ್ವಾಮಿ! ನಿಮ್ಮ ಕಾಗ್ದದಿಂದಲೇ!”

“ಏನ್ಲಾ ಬೊಗಳ್ತಿದ್ದೀಯ?”

“ದೇವ್ರಾಣೆ. ಲೆಕ್ಕದಾಗೆ ನಿಮ್ಮ ಹುಡುಗ್ನೂ ನಮ್ಮ ಹೈದ್ನೂ ಇಬ್ರೂ ಒಂದೇ ಸಮ ಅಂತೆ. ಆಮೇಲೆ ಮ್ಯಾನೇಜರ್ರು ಕಾಗ್ದ ನೋಡವ್ರೆ. ಎಲ್ರೂ ಕಟ್ಟುಗಟ್ಟಲೆ ತಂದವ್ರೆ, ಬರ್ದೋರು ಹುಡುಗ್ರನ್ನ ಕಂಡೇ ಇಲ್ಲ. ನಿಮ್ದೊಂದ್ರಾಗೆ ಮಾತ್ರ ಕಣ್ಣಾರೆ ಕಂಡಿದ್ದು ಐತೆ ಅಂದ್ರಂತೆ. ‘ನಾನು ಮರೆತ ಚೀಲವನ್ನು ಇವನು ಅಷ್ಟು ದೂರ ನಡೆದು ತಂದುಕೊಟ್ಟ. ಅದರಲ್ಲಿ ಇದೇ ಕೆಲಸಕ್ಕೆ ಇವನಿಗೆ ಎದುರಾಳಿಯಾದವನ ಕಾಗದಗಳಿದ್ದವು, ಅದು ಇವನಿಗೆ ಗೊತ್ತಿತ್ತು. ದಾರ ಬಿಚ್ಚಿರಲಿಲ್ಲ.’ ಇಷ್ಟೇ ಸ್ವಾಮಿ ನೀವು ಬರ್ದಿದ್ದು. ನಮ್ಮ ಹೈದ ಬಾಯಿಪಾಠ ಮಾಡ್ಬುಟ್ಟವ್ನೆ.”

ನನ್ನ ಮಗ ಮೆಲ್ಲಗೆ ಹೇಳಿದ. “ನನ್ನನ್ನೂ ಕೇಳಿದ್ರು ಅವ್ವ. ಈ ಹನ್ನೊಂದು ಜನದಲ್ಲಿ ನಿನ್ನನ್ನ ನೋಡಿರೋರು ಎಷ್ಟು ಜನ ಅಂತ. ಒಬ್ರು ಅಂದೆ. ಯಾವಾಗ ಅಂದ್ರು. ತೊಟ್ಟಿಲಲ್ಲಿದ್ದಾಗ ಅಂದೆ.”

ಮಾದಣ್ಣ ಹೊರಡುವ ಮುಂಚೆ ನನ್ನ ಮಗನ ಕಿವಿಯ ಹತ್ತಿರ ಬಗ್ಗಿದ. “ಅಪ್ಪಾಜಿ, ಕಾನಕಾನಹಳ್ಳೀಲಿ ಹೊಸ ಸಹಕಾರ ಸಂಘಕ್ಕೆ ಗುಮಾಸ್ತೆ ಬೇಕಂತೆ. ನೆನ್ನೆ ನನ್ನ ಗಾಡೀಲಿ ಬಂದೋರು ಮಾತಾಡ್ಕೊತಿದ್ರು. ನಾನು ಯಾರ್ಗೂ ಯೋಳಿಲ್ಲ.” ಆಮೇಲೆ ನಮ್ಮಣ್ಣಯ್ಯನ ಕಡೆ ತಿರುಗಿ ಕೈಮುಗಿದು, “ನೀವೂ ಯಾರ್ಗೂ ಯೋಳ್ಬ್ಯಾಡಿ ಸ್ವಾಮಿ” ಎಂದ.

ಜಟಕಾ ಹೋಯಿತು. ನನ್ನ ಬಾಯಿ ಕಟ್ಟುವವರು ಯಾರೂ ಇರಲಿಲ್ಲ. “ಅಲ್ಲ ಅಣ್ಣಯ್ಯ, ಊರೋರ ಮಗನಿಗೆ ನಿನ್ನ ಕಾಗ್ದ, ನನ್ನ ಮಗನಿಗೆ ಊರೋರ ಕಾಗ್ದ! ಒಂದೂವರೆ ತಿಂಗಳು ಮೆರವಣಿಗೆ ಹೊರಟೆಯಲ್ಲ, ನಿನ್ನ ಸೋದರಳಿಯನ ಮೇಲೆ ಐದು ಸಾಲು ಬರಿಯೋಕೆ ನಿನ್ನ ಕೈಗೇನಾಗಿತ್ತು?”

ಅವನು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ರುಮಾಲಿಲ್ಲದ ಅವನ ತಲೆ ಎಷ್ಟು ಚಿಕ್ಕದು!

“ನಾನ್ಯಾರು ಅಂತ ಬರೀಲಿ ಕಣವ್ವ? ಮಾದಣ್ಣನ ಮಗನಿಗಾದ್ರೆ, ಆದ್ರೆ ಆಯ್ತು ಹೋದ್ರೆ ಹೋಯ್ತು ಅಂತ ಬರ್ದೆ. ನಿನ್ನ ಮಗನ ಕಾಗ್ದಗಳ ಮಧ್ಯೆ ನನ್ನಂಥೋನ ಹೆಸ್ರು ಸೇರುದ್ರೆ ಅವನಿಗೆ ಕೇಡಾಯ್ತದೆ ಅಂತ ಹೆದ್ರಿಕೆ ಆಯ್ತು.”

ಆಮೇಲೆ ನನ್ನ ಮಗ ಎದ್ದು ಹೋಗಿ ಮಸಿಯ ಕುಡಿಕೆ ತಂದ.

“ಮಾವ, ಕಾನಕಾನಹಳ್ಳಿಗೆ ಒಂದು ಕಾಗ್ದ ಬೇಕು. ನೀವು ಬರೀರಿ.”

“ನಾನಾ?”

“ನೀವೇ. ಒಂದೇ ಸಾಕು.”

ಅಣ್ಣಯ್ಯ ಬಹಳ ಹೊತ್ತು ಬರೆದ. ಬರೆದದ್ದನ್ನು ಈ ಸಲ ಜಗಲಿಯ ಮೇಲೆ ನಿಂತು ಓದಲಿಲ್ಲ. ಒಣಗಲು ಇಟ್ಟು ಕಾಲು ತೊಳೆಯಲು ಹಿತ್ತಲಿಗೆ ಹೋದ. ನಾನು ಓದಿದೆ.

‘ಈ ಹುಡುಗ ನನ್ನ ತಂಗಿಯ ಮಗ. ಆದಕಾರಣ ನನ್ನ ಮಾತನ್ನು ಅರ್ಧಕ್ಕೆ ಇಳಿಸಿ ಓದಿಕೊಳ್ಳಬೇಕು. ಪ್ಲೇಗಿನ ವರ್ಷ ನನ್ನ ಹೆಂಡತಿ ಹೋದ ಮೇಲೆ ನಾನು ಒಲೆ ಹಚ್ಚುವುದನ್ನು ಬಿಟ್ಟಿದ್ದೆ. ಯಾರು ಕರೆದರೂ ಊಟಕ್ಕೆ ಹೋಗುತ್ತಿರಲಿಲ್ಲ. ಇವನಿಗೆ ಆಗ ಹತ್ತು ವರ್ಷ. ದಿನಾ ಸಂಜೆ ಬಂದು, ಮಾವ ಹಸಿವು, ಏನಾದರೂ ಮಾಡಿಕೊಡಿ ಎಂದು ಕೂರುತ್ತಿದ್ದ. ಇವನಿಗಾಗಿ ಒಲೆ ಹಚ್ಚಬೇಕಾಗುತ್ತಿತ್ತು. ಮಾಡಿದ ಮೇಲೆ ಜೊತೆಗೆ ಕೂತು ನಾನೂ ಉಣ್ಣಬೇಕಾಗುತ್ತಿತ್ತು. ಹೀಗೆ ನಾಲ್ಕು ತಿಂಗಳು. ನನ್ನ ಕೈಯ ಸಾರು ಎಂಥದೆಂದು ನನಗೆ ಗೊತ್ತು. ಇವನು ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಯಾರ ಹತ್ತಿರವೂ ಹೇಳಲಿಲ್ಲ. ಇದು ನಾನು ಕಣ್ಣಾರೆ ಕಂಡದ್ದು.’

ಆ ನಾಲ್ಕು ತಿಂಗಳು ನನಗೂ ನೆನಪಿದೆ. ಸಂಜೆಯ ಊಟಕ್ಕೆ ಕರೆದರೆ ಈ ಮಗ ಹಸಿವಿಲ್ಲ ಎನ್ನುತ್ತಿದ್ದ. ಹೊಟ್ಟೆ ಕೆಟ್ಟಿದೆಯೆಂದು ನಾನು ವಾರಕ್ಕೊಮ್ಮೆ ಅವನ ಮೂಗು ಹಿಡಿದು ಬೇವಿನ ಕಷಾಯ ಕುಡಿಸುತ್ತಿದ್ದೆ. ಅದನ್ನೂ ಕುಡಿದ. ಆಗಲೂ ಹೇಳಲಿಲ್ಲ.

ನಾನು ಕಾಗದವನ್ನು ಇದ್ದ ಜಾಗದಲ್ಲೇ ಇಟ್ಟು ನಾಲ್ಕು ಎಲೆ ಹಾಕಿದೆ. ಕೂರು ಎಂದು ಯಾರೂ ಹೇಳಲಿಲ್ಲ, ಅಣ್ಣಯ್ಯ ತಾನಾಗಿ ಬಂದು ಕೂತ. ಮುದ್ದೆ, ಹುರುಳಿಕಾಳಿನ ಬಸ್ಸಾರು, ದಂಟಿನ ಸೊಪ್ಪಿನ ಪಲ್ಯ, ಮಜ್ಜಿಗೆ. ಮಾದಣ್ಣ ತಂದ ಬಾಳೆಹಣ್ಣು ತಲೆಗೆರಡು. ಅಣ್ಣಯ್ಯ ಸಾರನ್ನು ಮೂರು ಸಲ ಹಾಕಿಸಿಕೊಂಡ, ಮಗ ಎರಡು ಸಲ. ಊಟವಾದ ಮೇಲೆ ಯಜಮಾನರು ಅಡಿಕೆ ಕತ್ತರಿಸುತ್ತ ಕೂತರು. ಮಗ ಲಕೋಟೆಯ ಮೇಲೆ ವಿಳಾಸ ಬರೆಯುತ್ತಿದ್ದ. ನಾನು ಎಲೆ ಎತ್ತಿ ನೆಲಕ್ಕೆ ಸಗಣಿ ಸಾರಿಸಿ ಬರುವಷ್ಟರಲ್ಲಿ ಅಣ್ಣಯ್ಯ ಜರಿ ರುಮಾಲನ್ನೇ ದಿಂಬು ಮಾಡಿಕೊಂಡು, ಮಗನ ಪಕ್ಕದಲ್ಲಿ, ನಮ್ಮೆಲ್ಲರಿಗಿಂತ ಮೊದಲು ನಿದ್ದೆ ಹೋಗಿದ್ದ.